ಒಡೆದ ಬಳೆಗಳ ಊರು: ಚಂಡೀಗಢದ ಶಿಲ್ಪತೋಟ ಮತ್ತು ನೇಕ್ ಚಂದ್

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಹಕಾರ ತತ್ವದ ಬಗ್ಗೆ ನಾಲ್ಕು ಮಾತು ಹೇಳಿರಿ ಎಂದು ಕಾರ್ಯದರ್ಶಿಯವರು ನಮಗೆ ಹೇಳಿದ್ದರು. ಸಹಕಾರದ ಬಗ್ಗೆ ಈ ನಾಡಿನವರಿಗೆ ಹೊಸದಾಗಿ ಹೇಳುವುದೇನಿದೆ? ನಮ್ಮ ನೆರೆಯ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿ ದೇಶಕ್ಕೇ ದಾರಿ ತೋರಿಸಿದರು. ಅದನ್ನು ಪ್ರತಿ ಸಹಕಾರ ಸಪ್ತಾಹದಲ್ಲಿಯೂ ಕೇಳಿದ್ದೀರಿ. ಆದ್ದರಿಂದ ಇವತ್ತು ನಾವು ಬೇರೊಂದು ವಿಷಯ ಎತ್ತಿಕೊಂಡಿದ್ದೇವೆ. ಒಂದು ತೋಟ, ಆ ತೋಟದ ಬೊಂಬೆಗಳು, ಅವನ್ನು ಮಾಡಿದ ಒಬ್ಬ ಮನುಷ್ಯ. ಇದಕ್ಕೂ ಹಾಲಿನ ಡೇರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಐತಿ, ಕಡೆಗೆ ಹೇಳ್ತೇವಿ. ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಸಂಘದಿಂದ ಹನ್ನೆರಡು ಮಂದಿ ಅಧ್ಯಯನ ಪ್ರವಾಸವೆಂದು ಹರಿಯಾಣದ ಕರ್ನಾಲಿಗೆ ಹೋಗಿದ್ದೆವು. ಅಲ್ಲಿರುವ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆ ಮೊದಲು ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿಯೇ, 1923ರಲ್ಲಿ. 1955ರಲ್ಲಿ ಅದರ ಮುಖ್ಯ ಸ್ಥಾನ ಕರ್ನಾಲಿಗೆ ಹೋಯಿತು. ಮೂರು ದಿನ ಎಮ್ಮೆ, ಮೇವು, ಫ್ಯಾಟು ಎಂದು ತಲೆ ತುಂಬಿಸಿಕೊಂಡೆವು. ನಾಲ್ಕನೆಯ ದಿನ ಬಿಡುವು. ಚಂಡೀಗಢ ಅಲ್ಲಿಂದ ಮೂರು ತಾಸಿನ ಬಸ್ ದಾರಿ. ಬಂದದ್ದಾಯಿತು, ನೋಡಿಯೇ ಹೋಗೋಣ ಎಂದು ಹೊರಟೆವು.

ಚಂಡೀಗಢ ಎಂದರೆ ಸ್ಕೇಲು ಇಟ್ಟು ಗೆರೆ ಎಳೆದ ಊರು. ದೇಶ ಇಬ್ಭಾಗವಾದಾಗ ಪಂಜಾಬಿನ ರಾಜಧಾನಿ ಲಾಹೋರು ಪಾಕಿಸ್ತಾನಕ್ಕೆ ಹೋಯಿತು. ಈ ಕಡೆಯ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಪಂಡಿತ್ ನೆಹರೂ ಅವರ ಕಾಲದಲ್ಲಿ ಫ್ರಾನ್ಸಿನಿಂದ ಲ ಕಾರ್ಬೂಸಿಯೆ ಎಂಬ ಹೆಸರಾಂತ ವಾಸ್ತುಶಿಲ್ಪಿಯನ್ನು ಕರೆಸಿ, 1950ರ ದಶಕದಲ್ಲಿ ಊರು ಕಟ್ಟಿದರು. ರಸ್ತೆಯೆಲ್ಲ ನೆಟ್ಟಗೆ. ಊರಿಗೆ ಓಣಿ ಎಂಬ ಹೆಸರಿಲ್ಲ, ಸೆಕ್ಟರಿಗೆ ನಂಬರು. ಬಜಾರಕ್ಕೆ ಒಂದು ಜಾಗ, ಕಚೇರಿಗೆ ಒಂದು ಜಾಗ, ಮನೆಗೆ ಒಂದು ಜಾಗ. ಅಲ್ಲಿಯ ವಿಧಾನಸಭೆ, ಹೈಕೋರ್ಟು, ಸಚಿವಾಲಯದ ಕಟ್ಟಡಗಳ ಸಮುಚ್ಚಯಕ್ಕೆ 2016ರಲ್ಲಿ ಯುನೆಸ್ಕೋದವರು ವಿಶ್ವ ಪರಂಪರೆಯ ಸ್ಥಾನ ಕೊಟ್ಟರು.

ಆದರೆ ಬರಿಯ ಬಯಲಿನ ಮೇಲೆ ಊರು ಏಳಲಿಲ್ಲ. ಮೊದಲೇ ಅಲ್ಲಿದ್ದ ಹಲವು ಹಳ್ಳಿಗಳನ್ನು ತೆಗೆದು ಊರು ಕಟ್ಟಿದರು. ಹಳ್ಳಿ ಎದ್ದು ಹೋದಾಗ ಹಿಂದೆ ಏನು ಉಳಿಯುತ್ತದೆ, ನಿಮಗೆ ಹೇಳಬೇಕಾಗಿಲ್ಲ. ಒಡೆದ ಗಡಿಗೆ, ಮುರಿದ ಬಳೆ, ಕಿತ್ತ ಬಾಗಿಲು, ಹಳೆ ಸೈಕಲ್ಲು, ಸುಟ್ಟ ಇಟ್ಟಿಗೆ. ಅದೆಲ್ಲ ರಾಶಿ ರಾಶಿಯಾಗಿ ಬಿದ್ದಿತ್ತು. ಹೊಸ ಊರಿಗೆ ಅದು ಕಸ.

ಆ ಹೊಸ ಊರಿನ ಲೋಕೋಪಯೋಗಿ ಇಲಾಖೆಯಲ್ಲಿ 1951ರಿಂದ ರೋಡ್ ಇನ್ಸ್‌ಪೆಕ್ಟರ್ ಆಗಿದ್ದವರು ನೇಕ್ ಚಂದ್ ಸೈನಿ. 1924ರ ಡಿಸೆಂಬರ್ 15ರಂದು ಶಕರಗಢ ತಾಲ್ಲೂಕಿನ ಬೇರಿಯಾ ಕಲಾಂ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಆ ಹಳ್ಳಿ ಈಗ ಪಾಕಿಸ್ತಾನದಲ್ಲಿದೆ. 1947ರಲ್ಲಿ ಮನೆಮಾರು ಬಿಟ್ಟು ಈ ಕಡೆಗೆ ಬಂದ ಲಕ್ಷಾಂತರ ಜನರಲ್ಲಿ ಅವರ ಕುಟುಂಬವೂ ಒಂದು. ಚಿತ್ರಕಲೆಯ ಶಾಲೆಗೆ ಹೋದವರಲ್ಲ, ಶಿಲ್ಪಿಯ ಕೈಕೆಳಗೆ ಕಲಿತವರಲ್ಲ. ಹಗಲಿಗೆ ರಸ್ತೆ ಕೆಲಸದ ಮೇಲ್ವಿಚಾರಣೆ, ತಿಂಗಳಿಗೆ ಸರ್ಕಾರದ ಪಗಾರ. ಇಷ್ಟೇ ಅವರ ವೃತ್ತಿ.

ಇಷ್ಟೇ ಆಗಿದ್ದರೆ ನಾವು ಇವತ್ತು ಅವರ ಹೆಸರು ಹೇಳುತ್ತಿರಲಿಲ್ಲ. ಡ್ಯೂಟಿ ಮುಗಿದ ಮೇಲೆ ಅವರು ಸೈಕಲ್ಲು ಹತ್ತಿ ಹೊರಡುತ್ತಿದ್ದರು. ಹೊಳೆ ಹಳ್ಳಗಳ ದಂಡೆಯಲ್ಲಿ ಹಕ್ಕಿಯ ಹಾಗೆ, ಪ್ರಾಣಿಯ ಹಾಗೆ, ಮನುಷ್ಯರ ಹಾಗೆ ಕಾಣುವ ಕಲ್ಲುಗಳನ್ನು ಆರಿಸಿ ಸೈಕಲ್ಲಿನ ಮೇಲೆ ತರುತ್ತಿದ್ದರು. ಕೆಡವಿದ ಹಳ್ಳಿಗಳ ಒಡಕು ಸಾಮಾನುಗಳನ್ನೂ ತರುತ್ತಿದ್ದರು. ಸುಖ್ನಾ ಕೆರೆಯ ಹತ್ತಿರ ಸರ್ಕಾರದ ಅರಣ್ಯ ಜಮೀನಿತ್ತು. ಅಲ್ಲಿ ಯಾರೂ ಏನೂ ಕಟ್ಟಬಾರದೆಂದು ನಿಯಮ. ಗಿಡಗಂಟಿ ಬೆಳೆದು ಒಳಗೆ ಯಾರೂ ಕಾಲಿಡದ ಜಾಗ. ಅಲ್ಲಿ ಒಂದಿಷ್ಟು ನೆಲ ಹಸನು ಮಾಡಿ, ಒಂದು ಗುಡಿಸಲು ಹಾಕಿ, 1950ರ ದಶಕದ ಕೊನೆಯ ಹೊತ್ತಿಗೆ ಕೆಲಸ ಶುರು ಮಾಡಿದರು. ರಾತ್ರಿ ಬೆಳಕಿಗೆ ಹಳೆಯ ಟಯರು ಸುಡುತ್ತಿದ್ದರು. ಒಂದಲ್ಲ ಎರಡಲ್ಲ, ಹೆಚ್ಚುಕಡಿಮೆ ಹದಿನೆಂಟು ವರ್ಷ ಹೀಗೆ ಗುಟ್ಟಾಗಿ ನಡೆಯಿತು. ನೌಕರಿ ಮಾಡುವ ಮನುಷ್ಯ, ಸರ್ಕಾರಿ ಜಮೀನಿನಲ್ಲಿ ಅಪ್ಪಣೆಯಿಲ್ಲದೆ ಕಟ್ಟುತ್ತಿದ್ದಾನೆ. ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು.

ಮೂರ್ತಿ ಮಾಡುವ ಬಗೆ ಹೇಗೆ ಎನ್ನುವುದನ್ನು ನಮ್ಮ ಗೌಂಡಿಗಳು ಕೇಳಿಕೊಳ್ಳಬೇಕು. ಒಳಗೆ ಹಳೆಯ ಪೈಪು, ಸಲಾಕೆ, ಸೈಕಲ್ಲಿನ ಬಿಡಿಭಾಗ ಇಂಥವುಗಳ ಎಲುಬು. ಅದರ ಮೇಲೆ ಸಿಮೆಂಟು ಉಸುಕಿನ ಗಾರೆ. ಅದು ಆರುವ ಮೊದಲು ಮೇಲುಗಡೆ ಒಡೆದ ಬಳೆ, ಪಿಂಗಾಣಿ ಬಟ್ಟಲ ಚೂರು, ಗಾಜು, ಇಟ್ಟಿಗೆ ಭಟ್ಟಿಯ ಸುಟ್ಟ ಕಿಟ್ಟ ಒತ್ತಿ ಕೂಡಿಸುವುದು. ಬಳೆಯ ಚೂರು ಒತ್ತಿದರೆ ಹೆಣ್ಣುಮಗಳ ಸೀರೆಯಾಯಿತು. ಕರಿ ಕಿಟ್ಟ ಒತ್ತಿದರೆ ಕರಡಿಯ ಮೈಯಾಯಿತು. ಸೈಕಲ್ಲಿನ ಸೀಟು ಪ್ರಾಣಿಯ ಮುಖವಾಯಿತು. ಡಾಂಬರು ಡ್ರಮ್ಮುಗಳನ್ನು ನಿಲ್ಲಿಸಿದರೆ ಗೋಡೆ. ವಿದ್ಯುತ್ತಿನ ಕೆಟ್ಟ ಪಿಂಗಾಣಿ ಸಾಕೆಟ್ಟುಗಳನ್ನು ಸಾಲಾಗಿ ಕೂಡಿಸಿದರೆ ಇನ್ನೊಂದು ಗೋಡೆ. ನಮ್ಮ ಊರಲ್ಲಿ ಗಟ್ಟಿಯಾದ ಸಿಮೆಂಟು ಚೀಲವನ್ನು ಬಚ್ಚಲಿನ ಮುಂದೆ ಹಾಕುತ್ತೇವೆ. ಆ ಮನುಷ್ಯ ಅಂಥ ಚೀಲಗಳನ್ನೂ ಗೋಡೆಗೆ ಹಚ್ಚಿದ.

ಅಲ್ಲಿಗೆ ಹೋದಾಗ ನಮ್ಮ ಕಣ್ಣಿಗೆ ಬಿದ್ದ ಮೊದಲ ಸಂಗತಿ ಬಾಗಿಲು. ಬಹಳ ತಗ್ಗು. ನಮ್ಮೊಂದಿಗೆ ಬಂದ ಎತ್ತರದ ಗೌಡರು ಮೊದಲನೇ ಬಾಗಿಲಿಗೇ ಹಣೆ ಬಡಿಸಿಕೊಂಡು, “ಯಾರಪಾ ಈ ಬಾಗಿಲಾ ಮಾಡಿದಾಂವಾ!” ಅಂದರು. ಮೂರನೇ ಬಾಗಿಲಿಗೆ ಹೋಗುವಷ್ಟರಲ್ಲಿ ತಾವೇ ತಲೆ ಬಾಗಿಸಿ ಒಳಗೆ ಹೋದರು. ಗುಡಿಗೆ ಹೋದ ಹಾಗೆ. ಓಣಿ ಇಕ್ಕಟ್ಟು, ತಿರುವು ಬಹಳ. ಒಂದು ತಿರುವು ತಿರುಗಿದರೆ ನೀರು ಬೀಳುತ್ತಿದೆ. ಇನ್ನೊಂದು ತಿರುವಿಗೆ ಸಾಲಾಗಿ ನಿಂತ ಹೆಣ್ಣುಮಕ್ಕಳು, ಮೈತುಂಬ ಬಳೆ ಚೂರು. ಮುಂದೆ ಮಂಗ, ಬಾತುಕೋಳಿ, ರಾಜನ ಪರಿವಾರ, ಕುಣಿಯುವವರು. ಮುಖಗಳೆಲ್ಲ ಸಾದಾ. ಎರಡು ಕಣ್ಣು, ಒಂದು ಮೂಗು. ನಮ್ಮ ಹೆಣ್ಣುಮಕ್ಕಳು ನಾಗರ ಪಂಚಮಿಗೆ ಹುತ್ತದ ಮಣ್ಣಿನಲ್ಲಿ ಮಾಡುವ ಹಾಗೆ. ಆದರೆ ನೂರಾರು ಮುಖ ಒಟ್ಟಿಗೆ ನಿಮ್ಮ ಕಡೆಗೆ ನೋಡುತ್ತಿದ್ದರೆ ಮಾತು ನಿಂತುಹೋಗುತ್ತದೆ. ನಮ್ಮೊಂದಿಗೆ ಬಂದ ಅಕ್ಕನವರೊಬ್ಬರು ಒಂದು ಬೊಂಬೆಯ ಹತ್ತಿರ ನಿಂತು, “ಇವೆಲ್ಲಾ ಯಾರ ಕೈಯಾಗಿನ ಬಳೀನೋ ಏನೋ” ಅಂದರು. ಆಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಊರು ಬಿಟ್ಟು ಬಂದ ಮನುಷ್ಯ, ಊರು ಬಿಟ್ಟು ಹೋದವರ ಒಡಕು ಸಾಮಾನಿನಿಂದ ಮತ್ತೊಂದು ಊರು ಕಟ್ಟಿದ್ದ.

ಈಗ ನಮ್ಮ ವಿಷಯಕ್ಕೆ ಹತ್ತಿರವಾದ ಭಾಗಕ್ಕೆ ಬರುತ್ತೇವೆ. 1970ರ ದಶಕದಲ್ಲಿ ಈ ಗುಟ್ಟು ಅಧಿಕಾರಿಗಳಿಗೆ ತಿಳಿಯಿತು. ಆ ಹೊತ್ತಿಗೆ ಸುಮಾರು ಹನ್ನೆರಡು ಎಕರೆಯಷ್ಟು ಅಂಗಳಗಳು, ಅವುಗಳ ತುಂಬ ಮೂರ್ತಿಗಳು. ಕಾನೂನು ಏನು ಹೇಳುತ್ತದೆ? ಅಕ್ರಮ, ಕೆಡವಿರಿ ಎನ್ನುತ್ತದೆ. ಹಾಗೆಯೇ ಹೇಳಿದವರೂ ಇದ್ದರು. ಕಾನೂನಿನ ಪ್ರಕಾರ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಒಂದು ಒಳ್ಳೆಯ ಕೆಲಸವಾಯಿತು. ಕಡತ ಮುಚ್ಚುವ ಮೊದಲು ಕೆಲವರು ಹೋಗಿ ನೋಡಿದರು. ಊರಿನ ಗಿಡಮರಗಳ ಯೋಜನೆ ನೋಡಿಕೊಂಡಿದ್ದ ಡಾ. ಎಂ. ಎಸ್. ರಾಂಧಾವಾ ಅವರಂಥ ತಿಳಿದ ಅಧಿಕಾರಿಗಳು ಬೆಂಬಲಕ್ಕೆ ನಿಂತರು. 1976ರಲ್ಲಿ ತೋಟವನ್ನು ಸಾರ್ವಜನಿಕರಿಗೆ ತೆರೆದರು. ಕೆಲಸ ಕಳೆದುಕೊಳ್ಳಬೇಕಾಗಿದ್ದ ನೇಕ್ ಚಂದರಿಗೆ ಅದೇ ತೋಟದ ಸಬ್ ಡಿವಿಜನಲ್ ಎಂಜಿನಿಯರ್ ಎಂಬ ಹುದ್ದೆ ಕೊಟ್ಟು, ಪಗಾರ ಕೊಟ್ಟು, ಕೈಕೆಳಗೆ ಐವತ್ತು ಜನ ಕೂಲಿಕಾರರನ್ನು ಕೊಟ್ಟರು. ಊರಿನ ಬೇರೆ ಬೇರೆ ಕಡೆ ಒಡಕು ಸಾಮಾನು ಕೂಡಿಸುವ ಕೇಂದ್ರಗಳಾದವು. ಜನ ತಾವೇ ತಂದು ಕೊಡತೊಡಗಿದರು.

ನಿಯಮ ಮುರಿದದ್ದನ್ನು ಸರ್ಕಾರ ಹೊಗಳಿತು ಎಂದು ಯಾರೂ ತಿಳಿಯಬಾರದು. ನಿಯಮದ ಒಳಗೇ ಒಂದು ದಾರಿ ಮಾಡಿ, ಒಬ್ಬನ ಗುಟ್ಟಿನ ಕೆಲಸವನ್ನು ಎಲ್ಲರ ಆಸ್ತಿಯನ್ನಾಗಿ ಮಾಡಿದರು. ತೋಟ ತೆರೆದ ಆ ಆರಂಭದ ದಿನಗಳಲ್ಲಿ, 1976ರಿಂದ 78ರವರೆಗೆ, ಚಂಡೀಗಢದ ಮುಖ್ಯ ಆಯುಕ್ತರಾಗಿದ್ದವರು ಟಿ. ಎನ್. ಚತುರ್ವೇದಿಯವರು. ಅವರೇ ಮುಂದೆ 1984ರಿಂದ 1990ರವರೆಗೆ ದೇಶದ ಮಹಾಲೇಖಪಾಲರಾದರು, 2002ರಿಂದ 2007ರವರೆಗೆ ನಮ್ಮ ಕರ್ನಾಟಕದ ರಾಜ್ಯಪಾಲರೂ ಆಗಿದ್ದರು. ದೇಶಕ್ಕೇ ಲೆಕ್ಕ ಕೇಳುವ ಹುದ್ದೆಗೆ ಏರಿದವರ ಕಾಲದಲ್ಲಿಯೇ ಆ ಒಡಕು ಚೂರಿನ ತೋಟ ಬೆಳೆಯಿತು ಎಂಬುದನ್ನು ನಮ್ಮ ಆಡಿಟ್ ಸಾಹೇಬರು ಗಮನಿಸಬೇಕೆಂದು ವಿನಂತಿ.

ಆಮೇಲೆ ನೇಕ್ ಚಂದರಿಗೆ ಹೆಸರು ಬಂತು. 1983ರಲ್ಲಿ ತೋಟದ ಮೂರ್ತಿಯೊಂದು ಭಾರತದ ಅಂಚೆ ಚೀಟಿಯ ಮೇಲೆ ಬಂತು. 1984ರಲ್ಲಿ ಪದ್ಮಶ್ರೀ. 1986ರಲ್ಲಿ ಅಮೆರಿಕದ ವಾಷಿಂಗ್ಟನ್ನಿನ ಮಕ್ಕಳ ಮ್ಯೂಸಿಯಮ್ಮಿಗೆ ಹೋಗಿ ಅಲ್ಲಿಯೂ ಒಂದು ತೋಟ ಮಾಡಿಕೊಟ್ಟರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಶೆಬಾಯ್ಗನ್ ಎಂಬ ಊರಿನ ಕಲಾಕೇಂದ್ರದಲ್ಲಿ ಅವರ ಮೂರ್ತಿಗಳ ದೊಡ್ಡ ಸಂಗ್ರಹವೇ ಇದೆ. ಚಂಡೀಗಢದಲ್ಲಿ ತೋಟ ಬೆಳೆಯುತ್ತ ಸುಮಾರು ನಲವತ್ತು ಎಕರೆಯಾಯಿತು. ದೊಡ್ಡ ಜಲಪಾತ, ಬಯಲು ರಂಗಮಂದಿರ, ಕಮಾನುಗಳಿಗೆ ಕಟ್ಟಿದ ಉಯ್ಯಾಲೆಗಳು ಆದವು. ಆ ಉಯ್ಯಾಲೆಯಲ್ಲಿ ನಮ್ಮ ಮಾಜಿ ಅಧ್ಯಕ್ಷರು ಕುಳಿತ ಫೋಟೋ ಇದೆ. ಸಂಚಿಕೆಯಲ್ಲಿ ಹಾಕಬೇಡಿರೆಂದು ಅವರು ಹೇಳಿದ್ದರಿಂದ ಹಾಕಿಲ್ಲ.

ಹೆಸರು ಬಂತು ಎಂದಮೇಲೆ ಕಷ್ಟ ಮುಗಿಯಿತೇ? ಇಲ್ಲ. ತೋಟದ ಮಗ್ಗುಲಲ್ಲೇ ಹೈಕೋರ್ಟು. ರಸ್ತೆ ಬೇಕು, ಗಾಡಿ ನಿಲ್ಲಿಸಲು ಜಾಗ ಬೇಕು ಎಂಬ ಒತ್ತಡ ಮತ್ತೆ ಮತ್ತೆ ಬಂತು. 1990ರ ಹೊತ್ತಿಗೆ ರಸ್ತೆಗಾಗಿ ಬುಲ್ಡೋಜರುಗಳೇ ಬಂದವು. ಆಗ ಊರಿನ ಜನ ಕೈ ಕೈ ಹಿಡಿದು ಮಾನವ ಸರಪಳಿ ಕಟ್ಟಿ ಅಡ್ಡ ನಿಂತರು. ಬುಲ್ಡೋಜರು ಹಿಂದೆ ಸರಿಯಿತು. 1996ರಲ್ಲಿ ನೇಕ್ ಚಂದ್ ಪರದೇಶಕ್ಕೆ ಹೋಗಿದ್ದಾಗ ಸರ್ಕಾರದ ನೆರವು ನಿಂತು, ಕಾಯುವವರು ಇಲ್ಲದಂತಾಗಿ, ಕಿಡಿಗೇಡಿಗಳು ನುಗ್ಗಿ ಎಷ್ಟೋ ಮೂರ್ತಿಗಳನ್ನು ಒಡೆದರು. ಮತ್ತೆ ಜನರೇ ಸೊಸೈಟಿ ಮಾಡಿಕೊಂಡು ನೋಡಿಕೊಳ್ಳಬೇಕಾಯಿತು. 2015ರ ಜೂನ್ 12ರಂದು, ತೊಂಬತ್ತು ತುಂಬಿದ ಮೇಲೆ, ನೇಕ್ ಚಂದ್ ತೀರಿಕೊಂಡರು. ಅಲ್ಲಿಗೂ ಮುಗಿಯಲಿಲ್ಲ. 2025ರಲ್ಲಿ ಹೈಕೋರ್ಟಿನ ಕಡೆಯ ರಸ್ತೆ ಅಗಲ ಮಾಡಲು ತೋಟದ ಗೋಡೆಯ ಒಂದು ಭಾಗವನ್ನು ಕೆಡವಿದರು. ಊರಿನ ಜನ ಬೇಸರಪಟ್ಟು ಪ್ರತಿಭಟನೆ ಮಾಡಿದರು. ಮಾಡಿದವನು ಇದ್ದಾಗ ಉಳಿಸುವುದು ಒಂದು ಕಷ್ಟ, ಮಾಡಿದವನು ಹೋದಮೇಲೆ ಉಳಿಸುವುದು ಅದಕ್ಕಿಂತ ದೊಡ್ಡ ಕಷ್ಟ. ಇಪ್ಪತ್ತೈದು ವರ್ಷ ಸಂಘ ನಡೆಸಿದ ನಮಗೆ ಇದು ತಿಳಿಯದ ಮಾತಲ್ಲ.

ಇಂಥ ತೋಟ ನೋಡಲು ಅಷ್ಟು ದೂರ ಹೋಗಬೇಕೆಂದೇನಿಲ್ಲ. ನಮ್ಮ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಅಲ್ಲಿ ಒಡಕು ಚೂರಲ್ಲ, ನಮ್ಮ ಹಳ್ಳಿಯ ಬದುಕೇ ಸಿಮೆಂಟಿನಲ್ಲಿ ನಿಂತಿದೆ. 2020ರಲ್ಲಿ ಸೊಲಬಕ್ಕನವರೂ ತೀರಿಕೊಂಡರು. ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ.

ಇನ್ನು ಮೊದಲು ಹೇಳಿದ ಸಂಬಂಧದ ಮಾತು. ಇದನ್ನು ಹೇಳಲು ನಮಗೆ ಸ್ವಲ್ಪ ಸಂಕೋಚವಾಗುತ್ತದೆ. ಆದರೂ ಬೆಳ್ಳಿಹಬ್ಬದಲ್ಲಿ ಬರೀ ಲಾಭ ಡಿವಿಡೆಂಡು ಹೇಳಿ ಕೂತರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ನಮ್ಮ ಡೇರಿಯಲ್ಲಿ ಮೊದಲ ದಿನದಿಂದ ಹಾಲು ಪರೀಕ್ಷೆ ಮಾಡುತ್ತಿದ್ದವರು ನಿಮಗೆಲ್ಲ ಗೊತ್ತು. ಟೆಸ್ಟರ್ ಕಾಕಾ ಅಂದರೆ ಸಾಕು. ಈಗ ಕೆಲಸದಿಂದ ನಿವೃತ್ತರು. ಹೆಸರು ಹೇಳಬೇಡ್ರಿ ಅಂದಿದ್ದಾರೆ, ಹೇಳುವುದಿಲ್ಲ. ಸಂಘದ ಹತ್ತನೇ ವರ್ಷ ಕಟ್ಟಡದ ರಿಪೇರಿ ನಡೆದಾಗ ಅರ್ಧ ಚೀಲ ಸಿಮೆಂಟು ಲೆಕ್ಕಕ್ಕೆ ಸಿಗಲಿಲ್ಲ. ಆಡಳಿತ ಮಂಡಳಿಯ ಸಭೆಗೆ ಅವರನ್ನು ಕರೆಸಿದೆವು. ನಮ್ಮ ಕೇಳುವಿಕೆ ಗಟ್ಟಿಯಾಗಿಯೇ ಇತ್ತು.

“ಸಿಮೆಂಟ ಎಲ್ಲಿ ಹೋತು ಕಾಕಾ?”

“ಹಿತ್ತಲದಾಗ ಐತ್ರಿ. ಬಂದು ನೋಡ್ರಿ.”

“ನೋಡೂದು ಏನೈತಿ? ಸಂಘದ ಸಾಮಾನು ಕೇಳದ ಯಾಕ ಮುಟ್ಟಿದ್ರಿ?”

ಅವರು ಮತ್ತೆ ಮಾತಾಡಲಿಲ್ಲ. ಠರಾವು ಬರೆದು ಅವರ ಪಗಾರದಲ್ಲಿ ಆ ದುಡ್ಡು ಮುರಿದುಕೊಂಡೆವು. ದುಡ್ಡು ಮುರಿದದ್ದು ತಪ್ಪಲ್ಲ. ಸಂಘದ ಅರ್ಧ ಚೀಲವೂ ಸಂಘದ್ದೇ, ಲೆಕ್ಕ ಬೇಕೇ ಬೇಕು. ತಪ್ಪಾದದ್ದು ಬೇರೆ. ಸಭೆಯ ಖೋಲಿಯಿಂದ ಹಿತ್ತಲಿಗೆ ಇಪ್ಪತ್ತು ಹೆಜ್ಜೆ. “ಬಂದು ನೋಡ್ರಿ” ಎಂದು ಅವರು ಬಾಯಿಬಿಟ್ಟು ಕರೆದಾಗ ನಾವು ಏಳು ಮಂದಿಯಲ್ಲಿ ಒಬ್ಬರೂ ಏಳಲಿಲ್ಲ.

ಹಿತ್ತಲಲ್ಲಿ ಏನಿತ್ತು? ಅಡ್ಡಗೋಡೆಯ ಉದ್ದಕ್ಕೂ ಒಡೆದ ಹಂಚಿನ ಚೂರಿನಿಂದ ಮಾಡಿದ ಒಂದು ಆಕಳು, ಕರು, ತಲೆಯ ಮೇಲೆ ಕೊಡ ಹೊತ್ತ ಒಬ್ಬ ಹೆಣ್ಣುಮಗಳು. ಆಕಳ ಕಣ್ಣಿಗೆ ಚಹಾದ ಬಸಿಯ ಚೂರು. ಬಸವನ ಕೊರಳಿಗೆ ಕೆಟ್ಟ ಕ್ಯಾನಿನ ಬಳೆ. ಮುಂಜಾನೆ ಹಾಲು ಹಾಕಲು ಬಂದ ತಾಯಂದಿರ ಕೂಸುಗಳು ಅಳಬಾರದೆಂದು ಮಾಡಿದ್ದರಂತೆ. ನಿಮ್ಮಲ್ಲಿ ಎಷ್ಟೋ ಜನರ ಮಕ್ಕಳು ಆ ಕರುವಿನ ಬೆನ್ನ ಮೇಲೆ ಕೂತು ಬೆಳೆದವರು. ಅದರ ಬೆನ್ನು ಸವೆದು ನುಣುಪಾಗಿದೆ. ಚಂಡೀಗಢದಿಂದ ಬಂದ ಮರುದಿನ ನಾವು ಹನ್ನೆರಡು ಮಂದಿ ಹಿತ್ತಲಿಗೆ ಹೋದೆವು. ಎರಡು ಸಾವಿರ ಕಿಲೋಮೀಟರ್‌ಗೂ ದೂರ ಹೋಗಿ ಬಂದಮೇಲೆ ಇಪ್ಪತ್ತು ಹೆಜ್ಜೆ ನಡೆಯುವ ಬುದ್ಧಿ ಬಂತು.

ಈಗ ಹಾಲು ತಂಪು ಮಾಡುವ ದೊಡ್ಡ ಟಾಕಿಗೆ ಕೋಣೆ ಕಟ್ಟಬೇಕಾಗಿದೆ. ಅದು ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬೇಸಿಗೆಯಲ್ಲಿ ಹಾಲು ಕೆಟ್ಟು ನಷ್ಟವಾದದ್ದು ನಮಗೂ ಗೊತ್ತು. ಆದರೆ ಈಗಿನ ನಕಾಶೆಯಲ್ಲಿ ಆ ಅಡ್ಡಗೋಡೆ ಪೂರ್ತಿ ಹೋಗುತ್ತದೆ. ನಾವು ಗೌಂಡಿಯವರನ್ನು ಕರೆದು ಅಳತೆ ಹಿಡಿಸಿದ್ದೇವೆ. ಕೋಣೆಯನ್ನು ಬಾವಿಯ ಕಡೆಗೆ ನಾಲ್ಕು ಫೂಟು ಸರಿಸಿದರೆ ಗೋಡೆ ಉಳಿಯುತ್ತದೆ. ಬುನಾದಿಗೆ ಸ್ವಲ್ಪ ಖರ್ಚು ಹೆಚ್ಚು ಬೀಳುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಆ ಹೆಚ್ಚಿನ ಖರ್ಚಿಗೆ ಪ್ರವಾಸಕ್ಕೆ ಹೋದ ಹನ್ನೆರಡು ಮಂದಿ ನಮ್ಮ ಈ ವರ್ಷದ ಬೋನಸ್ಸು ಬಿಟ್ಟುಕೊಡಲು ಒಪ್ಪಿದ್ದೇವೆ. ಉಳಿದದ್ದನ್ನು ಸಭೆ ತೀರ್ಮಾನಿಸಬೇಕು.

ಟೆಸ್ಟರ್ ಕಾಕಾ ನೇಕ್ ಚಂದ್ ಅಲ್ಲ, ನಮ್ಮ ಹಿತ್ತಲು ರಾಕ್ ಗಾರ್ಡನ್ ಅಲ್ಲ. ಹಾಗೆಂದು ನಾವು ಹೇಳಿದರೆ ಮೊದಲು ನಗುವವರು ಅವರೇ. ಆದರೆ ಆ ತೋಟ ಉಳಿದದ್ದು ಮೂರ್ತಿ ಚಂದ ಇದ್ದವೆಂದಷ್ಟೇ ಅಲ್ಲ. ಒಮ್ಮೆ ಅಧಿಕಾರಿಗಳು ಎದ್ದು ಹೋಗಿ ನೋಡಿದರು, ಇನ್ನೊಮ್ಮೆ ಜನ ಎದ್ದು ಹೋಗಿ ಅಡ್ಡ ನಿಂತರು, ಅದಕ್ಕೇ ಉಳಿಯಿತು. ಎಲ್ಲರದು ಎಂದರೆ ಯಾರದೂ ಅಲ್ಲ ಎಂಬ ಮಾತು ಸಹಕಾರಕ್ಕೆ ಅಂಟಿದ ರೋಗ. ಅದಕ್ಕೆ ಬೇರೆ ಔಷಧವಿಲ್ಲ, ಎದ್ದು ಹೋಗಿ ನೋಡುವುದೊಂದೇ.

ಬರುವ ಸರ್ವಸಾಧಾರಣ ಸಭೆಯಲ್ಲಿ ಕೋಣೆಯ ವಿಷಯ ಚರ್ಚೆಗೆ ಬರುತ್ತದೆ. ಸರಿಸಬೇಕು ಎಂದಾದರೂ ಕೈ ಎತ್ತಿ, ಬೇಡ ಎಂದಾದರೂ ಕೈ ಎತ್ತಿ. ಅದು ನಿಮ್ಮ ಹಕ್ಕು. ಕೈ ಎತ್ತುವ ಮೊದಲು ಒಮ್ಮೆ ಹಿತ್ತಲಿಗೆ ಹೋಗಿ ಬನ್ನಿ ಎಂದಷ್ಟೇ ನಮ್ಮ ಕೋರಿಕೆ.

ಟೆಸ್ಟರ್ ಕಾಕಾ ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ಕುಳಿತಿದ್ದಾರೆ. ಕಾಕಾ, ಆವತ್ತು ನೀವು ಕರೆದಾಗ ನಾವು ಬರಲಿಲ್ಲ. ಅದು ನಮ್ಮ ತಪ್ಪು. ಆ ತಪ್ಪಿಗೆ ಠರಾವು ಬರಲಿಲ್ಲ, ಅದಕ್ಕೇ ಈ ಸಭೆಯಲ್ಲಿ ಬಾಯಿಂದ ಹೇಳುತ್ತಿದ್ದೇವೆ.

 ಸಂಘ ಇನ್ನೂ ಇಪ್ಪತ್ತೈದು ವರ್ಷ ಬಾಳಲಿ.